ಗಾಲಿಕುರ್ಚಿಗೆ ಬಾಡಿಗೆ ಮನೆ: ನೆಲಮಹಡಿಯೋ, ಲಿಫ್ಟ್ ಇರುವ ಅಪಾರ್ಟ್‌ಮೆಂಟೋ?

ಬೆಂಗಳೂರಿನಲ್ಲಿ ಗಾಲಿಕುರ್ಚಿ ಬಳಸುವವರು ಬಾಡಿಗೆ ಮನೆ ಕೇಳಿದರೆ ದಲ್ಲಾಳಿಗಳು ಸಾಮಾನ್ಯವಾಗಿ ಮೊದಲು ತೋರಿಸುವುದು ನೆಲಮಹಡಿಯ ಬಿಡಿ ಮನೆಯನ್ನು. ಅಲ್ಲಿ ಲಿಫ್ಟಿನ ಹಂಗಿಲ್ಲ, ಕರೆಂಟು ಹೋದರೂ ಹೊರಗೆ ಬರಬಹುದು ಎಂಬುದು ನಿಜವೇ. ಆದರೆ ಮಳೆನೀರು ಒಳನುಗ್ಗದಿರಲೆಂದು ರಸ್ತೆಗಿಂತ ಎರಡು ಅಡಿ ಎತ್ತರಿಸಿ ಕಟ್ಟಿದ ಮನೆಗೆ, ಮಾರ್ಗಸೂಚಿಗಳು ಹೇಳುವ 1:12ರ (ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ) ಇಳಿಜಾರಿನಲ್ಲಿ ರ‍್ಯಾಂಪ್ ಹಾಕಬೇಕೆಂದರೆ 24 ಅಡಿ ಉದ್ದ ಬೇಕು. 30x40 ಅಡಿಯ ನಿವೇಶನದಲ್ಲಿ ಅಷ್ಟು ಜಾಗ ಸಿಗುವುದು ಬಹಳ ಕಷ್ಟ. ಅಂಗಳಕ್ಕೆ ಹಲಗೆ ಹಾಕಿ ಒಬ್ಬರು ಹಿಂದಿನಿಂದ ತಳ್ಳುವುದು ಸ್ವಾವಲಂಬನೆಯಲ್ಲ.

ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಮಟ್ಟದಿಂದಲೇ ಲಿಫ್ಟ್ ಹತ್ತುವಂತಿದ್ದರೆ ಈ ತೊಡಕಿಲ್ಲ. ಆದರೆ ಲಿಫ್ಟಿನ ಮುಂದೆ ಮೆಟ್ಟಿಲು ಇಲ್ಲದಿರಬೇಕು, ಲಿಫ್ಟಿಗೆ ಜನರೇಟರ್ ಸಂಪರ್ಕವಿರಬೇಕು. ಇವೆರಡೂ ಇದ್ದರೆ ನನ್ನ ಆಯ್ಕೆ ಅಪಾರ್ಟ್‌ಮೆಂಟೇ. ಲಿಫ್ಟ್ ಕೆಟ್ಟ ದಿನ ನಾಲ್ಕು ಜನ ಎತ್ತಿ ಇಳಿಸಬಹುದಾದ ಮೊದಲನೆಯ ಮಹಡಿಯಾದರೆ ಇನ್ನೂ ಒಳ್ಳೆಯದು.

ಎರಡು ಕಡೆಯೂ ನಿಜವಾದ ಅಡ್ಡಿ ಬಚ್ಚಲುಮನೆಯ ಬಾಗಿಲು. ಎರಡೂವರೆ ಅಡಿಯ ಬಾಗಿಲಿನಲ್ಲಿ ದಾರಂದದ ಮತ್ತು ತೆರೆದ ಕದದ ದಪ್ಪವನ್ನು ಕಳೆದರೆ, 65 ಸೆಂ.ಮೀ. ಅಗಲದ ಕುರ್ಚಿಯ ಚಕ್ರ ತಿರುಗಿಸುವ ಬೆರಳಗೆಣ್ಣುಗಳು ಚೌಕಟ್ಟಿಗೆ ಉಜ್ಜುತ್ತವೆ. ಆದ್ದರಿಂದ ಮುಂಗಡ ಕೊಡುವ ಮೊದಲೇ, ಬಾಗಿಲನ್ನು ಪೂರ್ತಿ ತೆರೆದಿಟ್ಟು ಟೇಪಿನಲ್ಲಿ ಅಳೆಯಿರಿ.