ಮದುವೆ ಕಾಗದಕ್ಕೆ ಮೂರು ಇಟಾಲಿಕ್: ಬೊಡೋನಿ ಮೋಡಾ, ಕಾರ್ಮೊರಂಟ್, ಪ್ಲೇಫೇರ್

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಚಿಕ್ಕಮ್ಮನ ಮಗಳ ಮದುವೆ ಕಾಗದ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗನ ಮನೆಯವರು ಮರಾಠಿಯವರು. ಹಾಗಾಗಿ ಒಳಗೆ ಕನ್ನಡ, ಮರಾಠಿ ಎರಡೂ ಇವೆ. ಮೇಲ್ಪುಟದಲ್ಲಿ ಇಬ್ಬರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ದೊಡ್ಡದಾಗಿ, ಚಿನ್ನದ ಬಣ್ಣದ ಫಾಯಿಲ್‌ನಲ್ಲಿ ಬರಬೇಕು. ಅದರ ಕೆಳಗೆ ಕನ್ನಡದಲ್ಲಿ ಚಿಕ್ಕದಾಗಿ.

"ಅಕ್ಕಾ, ಆ ಬಾಗಿದ ಅಕ್ಷರ ಬೇಕು. ದಪ್ಪ ಗೆರೆ ಪಕ್ಕದಲ್ಲೇ ಕೂದಲೆಳೆ ಥರ ತೆಳು ಗೆರೆ ಬರುತ್ತಲ್ಲ, ಅದು" ಅಂದಳು. ಅವಳ ಆಸೆ ನನಗೂ ಇಷ್ಟವಾಯಿತು. ಆ ದಪ್ಪ-ತೆಳುವಿನಲ್ಲಿ ನಿಜಕ್ಕೂ ಒಂದು ಸೊಬಗಿದೆ. ಮೂರು ಫಾಂಟ್‌ಗಳ ಇಟಾಲಿಕ್, ಅಂದರೆ ಬಾಗಿದ ರೂಪ, ಇಳಿಸಿಕೊಂಡೆ. ಮೂರೂ ಉಚಿತ, ಮುಕ್ತ ಪರವಾನಗಿಯವು. ದುಡ್ಡಿನ ಲೆಕ್ಕ ಬರಲೇ ಇಲ್ಲ.

ಪರದೆಯ ಮೇಲೆ ಬೊಡೋನಿ ಮೋಡಾ ಗೆದ್ದಿತು. ಇದು ಇಟಲಿಯ ಪಾರ್ಮಾದಲ್ಲಿ ಕೆಲಸ ಮಾಡಿದ ಜಂಬಾಟಿಸ್ಟಾ ಬೊಡೋನಿಯ ಅಚ್ಚಿನ ಮೊಳೆಗಳ ದಾರಿಯಲ್ಲಿ ಈಚೆಗೆ ಮಾಡಿದ ಫಾಂಟ್. ದಪ್ಪ ಗೆರೆ ಒಂದೇ ಸಲಕ್ಕೆ ತೆಳುವಾಗುತ್ತದೆ, ನಡುವೆ ಮೆತ್ತಗೆ ಇಳಿಯುವುದಿಲ್ಲ. 36 ಪಾಯಿಂಟ್‌ನಲ್ಲಿ ಹೆಸರು ಟೈಪ್ ಮಾಡಿ ಕಳಿಸಿದೆ. ಚಿಕ್ಕಮ್ಮ ಕೂಡ ಫೋನ್ ಮಾಡಿ "ಇದೇ ಇರಲಿ" ಅಂದರು.

ದಾದರ್‌ನ ಪ್ರೆಸ್‌ನಲ್ಲಿ ಮೊದಲ ಪ್ರೂಫ್, ಅಂದರೆ ನೋಡಲೆಂದು ತೆಗೆದ ಮಾದರಿ ಅಚ್ಚು, ಕೈಗೆ ಬಂದಾಗ ಮನಸ್ಸು ಕುಗ್ಗಿತು. ನಾವು ಆರಿಸಿದ್ದು ತರಿತರಿಯಾದ ದಪ್ಪ ಕಾಗದ. ಅವಳ ಹೆಸರಿನ ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡ 'ಎ'. ಅದರ ಬಲಗಾಲು ದಪ್ಪ, ಎಡಗಾಲು ತೆಳು. ಫಾಯಿಲ್ ಬಿದ್ದ ಮೇಲೆ ಎಡಗಾಲು ಮೂರು ಕಡೆ ಕತ್ತರಿಸಿ ಹೋಗಿತ್ತು. ದೂರದಿಂದ ನೋಡಿದರೆ 'ಎ' ಒಂಟಿ ಕಾಲಲ್ಲಿ ನಿಂತಂತೆ ಕಾಣುತ್ತಿತ್ತು. "ಇಷ್ಟು ಸಪುರ ಗೆರೆ ಈ ಕಾಗದದಲ್ಲಿ ನಿಲ್ಲುದಿಲ್ಲ ಮಾರಾಯ್ರೇ, ನುಣುಪು ಕಾಗದ ಆದ್ರೆ ನೋಡ್ಬಹುದಿತ್ತು" ಅಂದರು ಮಶೀನ್ ನೋಡಿಕೊಳ್ಳುವ ಕುಂದಾಪುರದ ಅಣ್ಣ.

ಬೊಡೋನಿಯನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಸೀಸದ ಮೊಳೆಯ ಕಾಲದಲ್ಲಿ ಒಂದೊಂದು ಅಳತೆಗೂ ಅಕ್ಷರವನ್ನು ಬೇರೆಯಾಗಿಯೇ ಕೊರೆಯುತ್ತಿದ್ದರು. ಸಣ್ಣ ಅಳತೆಗೆ ತೆಳು ಗೆರೆಯನ್ನು ಸ್ವಲ್ಪ ದಪ್ಪ ಮಾಡುತ್ತಿದ್ದರು. ಬೊಡೋನಿ ಮೋಡಾದಲ್ಲಿ ಆ ಸೌಕರ್ಯ ಈಗಲೂ ಇದೆ. ಆಪ್ಟಿಕಲ್ ಸೈಜ್ ಅನ್ನುವ ಅಳತೆಯನ್ನು 6ರಿಂದ 96ರವರೆಗೆ ನಾವೇ ಬದಲಿಸಬಹುದು. ಅಕ್ಷರ 36 ಪಾಯಿಂಟ್‌ನಲ್ಲೇ ಇಟ್ಟು ಆ ಅಳತೆಯನ್ನು 11ಕ್ಕೆ ಇಳಿಸಿದೆ. ತೆಳು ಗೆರೆಗೆ ಮೈ ಬಂತು. ಆದರೆ ಅಕ್ಷರಗಳ ನಡುವೆ ಜಾಗ ಜಾಸ್ತಿಯಾಯಿತು, ಒಂದೊಂದನ್ನೂ ಕೈಯಾರೆ ಹತ್ತಿರ ತಂದೆ. ಎರಡನೇ ಪ್ರೂಫ್‌ನಲ್ಲಿ ಗೆರೆ ಮುರಿಯಲಿಲ್ಲ. ಆದರೆ ಹುಡುಗಿ ಮೆಚ್ಚಿದ್ದ ಆ ಚೂಪು ಹೋಗಿತ್ತು. ಚೂಪೇ ಇಲ್ಲದ ಬೊಡೋನಿ ಯಾಕೆ ಬೇಕು, ಅಲ್ವಾ?

ಕಾರ್ಮೊರಂಟ್ ನನಗೆ ಮೂರರಲ್ಲೂ ಹೆಚ್ಚು ಪ್ರೀತಿಯದು. ಕ್ರಿಸ್ಟಿಯನ್ ಥಾಲ್ಮನ್ ಮಾಡಿದ್ದು. 16ನೇ ಶತಮಾನದ ಫ್ರಾನ್ಸಿನ ಗರಮೊಂಡ್ ಅಕ್ಷರಗಳೇ ಅದಕ್ಕೆ ಪ್ರೇರಣೆ. ಲೇಖನಿಯಿಂದ ಒಂದೇ ಉಸಿರಿಗೆ ಬರೆದ ಹಾಗೆ ಕಾಣುತ್ತದೆ. ತೊಂದರೆ ಏನೆಂದರೆ ಅದರ ಸಣ್ಣಕ್ಷರಗಳ ಮೈ ಬಹಳ ಗಿಡ್ಡ, 'ಎಚ್', 'ಎಲ್'ನಂಥವುಗಳ ಕೋಲು ಮಾತ್ರ ಎತ್ತರ. 36 ಪಾಯಿಂಟ್ ಇಟ್ಟರೆ ಉಳಿದವುಗಳ ಎದುರು ಚಿಕ್ಕದಾಗಿ ಕಾಣುತ್ತದೆ. 46ಕ್ಕೆ ಏರಿಸಿದರೆ ಹೆಸರು ಕಾಗದದ ಅಂಚಿಗೆ ತಾಗಿತು. ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದೆ, ಚಿತ್ರ ಕುಗ್ಗಿದ ಕೂಡಲೇ ತೆಳು ಗೆರೆಗಳು ಮಸುಕಾದವು. ಈಗ ಅರ್ಧಕ್ಕರ್ಧ ಜನಕ್ಕೆ ಕಾಗದ ಹೋಗುವುದೇ ಫೋನಿಗೆ. ಬೇಸರದಿಂದಲೇ ಬದಿಗಿಟ್ಟೆ.

ಪ್ಲೇಫೇರ್ ಡಿಸ್‌ಪ್ಲೇಯನ್ನು ಎಲ್ಲಾ ಕಡೆ ನೋಡಿ ನೋಡಿ ಸಾಕಾಗಿತ್ತು, ಅದಕ್ಕೇ ಕೊನೆಗೆ ಇಟ್ಟಿದ್ದೆ. ಅದು ನನ್ನ ತಪ್ಪು. ಕ್ಲಾಸ್ ಎಗ್ಗರ್ಸ್ ಸೋರೆನ್ಸನ್ ಮಾಡಿದ ಈ ಫಾಂಟ್‌ನಲ್ಲಿ ದಪ್ಪ-ತೆಳುವಿನ ಅಂತರ ಚೆನ್ನಾಗಿಯೇ ಇದೆ, ಆದರೆ ದಪ್ಪದಿಂದ ತೆಳುವಿಗೆ ಮೆಲ್ಲಗೆ ಇಳಿಯುತ್ತದೆ. ಸಣ್ಣಕ್ಷರಗಳ ಮೈ ದೊಡ್ಡದು, ಕೆಳಗಿಳಿಯುವ ಬಾಲ ಗಿಡ್ಡ. ಇದರಿಂದ ಕೆಳಗಿನ ಕನ್ನಡ ಸಾಲನ್ನು ಹತ್ತಿರ ತರಲು ಆಯಿತು. ಕನ್ನಡದ ಗುಡಿಸು 'ಜಿ'ಯ ಬಾಲಕ್ಕೆ ತಾಗಲಿಲ್ಲ. ಅದೇ ತರಿತರಿ ಕಾಗದ, ಅದೇ ಫಾಯಿಲ್. 'ಎ' ಎರಡೂ ಕಾಲೂರಿ ನಿಂತಿತ್ತು.

ಕನ್ನಡ ಸಾಲಿನ ಬಗ್ಗೆ ಒಂದು ಮಾತು. "ಅದನ್ನೂ ಬಾಗಿಸು" ಅಂತ ಹುಡುಗಿ ಹಟ ಹಿಡಿದಳು. ರೋಮನ್ ಲಿಪಿಯ ಇಟಾಲಿಕ್ ಬರೀ ವಾಲಿದ ಅಕ್ಷರ ಅಲ್ಲ. 1500ರ ಆಸುಪಾಸಿನಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಶಿಯಸ್‌ಗಾಗಿ ಮೊಳೆ ಕೊರೆಯುವ ಫ್ರಾಂಚೆಸ್ಕೊ ಗ್ರಿಫೊ ಕೈಬರಹ ನೋಡಿ ಅದನ್ನು ಬೇರೆಯಾಗಿ ಕೊರೆದ. ಕನ್ನಡವನ್ನು ಸುಮ್ನೆ ಕಂಪ್ಯೂಟರ್‌ನಲ್ಲಿ ವಾಲಿಸಿದರೆ ಏನಾಗುತ್ತದೆ ಅಂತ ಅವಳಿಗೇ ತೋರಿಸಿದೆ. ಅವಳ ಹೆಸರಿನಲ್ಲಿ 'ಶ್ವಿ' ಇದೆ. ಮೇಲಿನ ಗುಡಿಸು ಬಲಕ್ಕೆ ಜಾರಿತು, ಕೆಳಗಿನ ವ-ಒತ್ತು ಎಡಕ್ಕೆ ಸರಿಯಿತು. ಅಕ್ಷರದ ಸೊಂಟ ತಿರುಚಿದ ಹಾಗಾಯಿತು. ನೋಡಿದವಳೇ "ಬೇಡ, ನೆಟ್ಟಗೇ ಇರಲಿ" ಅಂದಳು. ನೋಟೊ ಸೆರಿಫ್ ಕನ್ನಡ ಅನ್ನುವ ಫಾಂಟ್‌ನ ತೆಳು ಗೆರೆಯ ರೂಪವನ್ನು ನೆಟ್ಟಗೆ ಇಟ್ಟೆ. ಪ್ಲೇಫೇರ್ ಕೆಳಗೆ ಅದು ಹೊಂದಿಕೊಂಡಿತು.

ಆರತಕ್ಷತೆಯ ಫಲಕ ಆರು ಅಡಿ ಅಗಲ, ನುಣುಪು ಹಾಳೆಯ ಮೇಲೆ ಪ್ರಿಂಟ್. ಅದಕ್ಕೆ ಬೊಡೋನಿಯನ್ನೇ ಹಾಕಿಸಿದ್ದೇನೆ, ಆಪ್ಟಿಕಲ್ ಸೈಜ್ 96ರಲ್ಲಿ.