ಐದು ಟೈರ್ ರೊಟೇಶನ್: ಸ್ಟೆಪ್ನಿಗೂ ಸಮಪಾಲು

ಬೆಂಗಳೂರಿನ ಜೆ.ಸಿ. ರಸ್ತೆಯ ಈ ಟೈರ್ ಅಂಗಡಿಯಲ್ಲಿ ನಾಲ್ಕಲ್ಲ, ಸ್ಟೆಪ್ನಿ ಸೇರಿಸಿ ಐದು ಟೈರುಗಳ ಜಾಗ ಬದಲಿಸಿಕೊಡುತ್ತಾರೆ. ಕೆಲಸ ಒಳ್ಳೆಯದೇ. ಕೌಂಟರಿನಲ್ಲಿ ಹೇಳುವ ಲೆಕ್ಕ ಮಾತ್ರ ತಪ್ಪು.

ಮುಂದಿನ ಟೈರ್ 40,000 ಕಿ.ಮೀ., ಹಿಂದಿನದು 60,000 ಬಾಳುವ ಗಾಡಿ ಎಂದಿಟ್ಟುಕೊಳ್ಳಿ. ಅದಲು ಬದಲು ಮಾಡಿದರೆ 50,000 ಎನ್ನುತ್ತಾರೆ. ಸವೆತಕ್ಕೆ ಈ ಸರಾಸರಿ ಒಪ್ಪದು. ಮುಂದಿರುವ ಟೈರ್ ಕಿ.ಮೀ.ಗೆ ತನ್ನ 40,000ನೇ ಒಂದು ಪಾಲು ಸವೆದರೆ, ಹಿಂದಿರುವುದು 60,000ನೇ ಒಂದು ಪಾಲು. ಮುಂದಿನ ಎರಡು, ಹಿಂದಿನ ಎರಡು ಕೂಡಿದರೆ 12,000ನೇ ಒಂದು ಪಾಲು. ಅಂದರೆ 12,000 ಕಿ.ಮೀ.ಗೆ ಗಾಡಿ ಒಂದು ಇಡೀ ಟೈರ್ ತಿಂದಂತೆ. ನಾಲ್ಕು ಟೈರಿಗೆ 48,000, ಐದಕ್ಕೆ 60,000. ಕಾಲುಭಾಗ ಲಾಭ ನಿಜ, ಆದರೆ ಅದು ಸ್ಟೆಪ್ನಿ ದುಡಿದದ್ದು. ಪುಕ್ಕಟೆ ಬಂದದ್ದಲ್ಲ!

ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ) ಗಾಡಿಗೆ ಅವರು ಅನುಸರಿಸುವ ಕ್ರಮ ಸರಿಯಾಗಿದೆ: ಸ್ಟೆಪ್ನಿ ಹಿಂದಿನ ಬಲಕ್ಕೆ, ಹಿಂದಿನ ಬಲದ್ದು ಮುಂದಿನ ಎಡಕ್ಕೆ, ಮುಂದಿನ ಎಡದ್ದು ಹಿಂದಿನ ಎಡಕ್ಕೆ, ಹಿಂದಿನ ಎಡದ್ದು ಮುಂದಿನ ಬಲಕ್ಕೆ, ಮುಂದಿನ ಬಲದ್ದು ಡಿಕ್ಕಿಗೆ. ಐದು ಸರದಿಯಲ್ಲಿ ಪ್ರತಿ ಟೈರೂ ಎರಡು ಸಲ ಮುಂದೆ, ಎರಡು ಸಲ ಹಿಂದೆ, ಒಂದು ಸಲ ವಿಶ್ರಾಂತಿ. ಒಂದು ಸರದಿ 12,000 ಕಿ.ಮೀ. ಎಂದಿಟ್ಟರೆ 24,000 ಮುಂದೆ, 24,000 ಹಿಂದೆ: ಸವೆತ 0.6 ಮತ್ತು 0.4, ಕೂಡಿದರೆ ಸರಿಯಾಗಿ ಒಂದು. ಆದರೂ 6,000ಕ್ಕೊಮ್ಮೆ ಬದಲಿಸಿ ಎರಡು ಸುತ್ತು ಮುಗಿಸುವುದು ಮೇಲು. ನಮ್ಮ ಗುಂಡಿ, ಹಂಪ್‌ಗಳಿಗೆ ಅಲೈನ್‌ಮೆಂಟ್ (ಚಕ್ರಗಳ ನೇರ) ತಪ್ಪಿ ಒಂದೇ ಅಂಚು ಸವೆಯುತ್ತಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ. ಅಲೈನ್‌ಮೆಂಟ್ ಸರಿಪಡಿಸದೆ ರೊಟೇಶನ್ ಮಾಡಿಸಿದರೆ ಐದೂ ಟೈರಿನ ಅಂಚು ಹಾಳು.

ದೂರು ಎರಡು. ನಟ್‌ಗಳನ್ನು ಏರ್ ಗನ್ನಿನಲ್ಲೇ ಕೊನೆಯವರೆಗೆ ಬಿಗಿಯುತ್ತಾರೆ. ದಾರಿಯಲ್ಲಿ ಪಂಕ್ಚರ್ ಆದರೆ ಗಾಡಿಯ ಪಾನಾಕ್ಕೆ ಅವು ಜಗ್ಗುವುದಿಲ್ಲ. ಕೈಯಲ್ಲಿ ಕೂರಿಸಿ, ಎದುರುಬದುರು ಕ್ರಮದಲ್ಲಿ, ಮ್ಯಾನುಯಲ್ ಹೇಳಿದಷ್ಟೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿಯಲು ಹೇಳಿ. ಇನ್ನೊಂದು, ಸ್ಟೆಪ್ನಿಯ ಗಾಳಿ, ಬ್ಯಾಲೆನ್ಸಿಂಗ್ ಎರಡನ್ನೂ ಕೇಳದೆ ನೋಡುವುದಿಲ್ಲ.

ಸ್ಟೆಪ್ನಿ ಚಿಕ್ಕ ಅಳತೆಯದಾಗಿದ್ದರೆ, ಅಥವಾ ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಈ ಕ್ರಮ ಬೇಡ. ನಾಲ್ಕು ಈಗಾಗಲೇ ಅರ್ಧ ಸವೆದಿದ್ದರೂ ಹೊಸ ಸ್ಟೆಪ್ನಿಯನ್ನು ಸೇರಿಸಬೇಡಿ. ಲೆಕ್ಕ ಶುರುವಾಗಬೇಕಾದದ್ದು ಐದೂ ಹೊಸದಿದ್ದಾಗ.