ಸಿಂಗಾಪುರದ ಕ್ರೂಸ್: ಮಗು ಡೈಪರ್ ಬಿಟ್ಟ ಮೇಲೆ ಹಡಗು ಹತ್ತಿ

ಆಂಥಮ್, ಓವೇಶನ್, ಸ್ಪೆಕ್ಟ್ರಮ್ ಎಲ್ಲವೂ ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ಬಳಗದ ಹಡಗುಗಳು. ಒಂದೊಂದೂ ಸುಮಾರು 347 ಮೀಟರ್ ಉದ್ದ. ಸಿಂಗಾಪುರದಿಂದ ಮೂರು, ನಾಲ್ಕು ರಾತ್ರಿಯ ಸುತ್ತಿಗೆ ಈ ಕಂಪನಿ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕಳಿಸಿದ್ದು ಈ ಬಳಗದವನ್ನೇ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಹಡಗಿನ ಬಗ್ಗೆ ದೂರುವಂಥದ್ದು ಕಡಿಮೆ. ಆದರೆ ಕೊಟ್ಟ ದುಡ್ಡು ವಸೂಲಾಗುತ್ತದೋ ಇಲ್ಲವೋ ಎಂಬುದು ಮಗುವಿನ ವಯಸ್ಸಿನ ಮೇಲೆ ನಿಂತಿದೆ. ಮೂರು ತುಂಬಿ, ಡೈಪರ್ ಬಿಟ್ಟಿದ್ದರೆ ಧಾರಾಳವಾಗಿ ಹೋಗಿ. ಇಲ್ಲವಾದರೆ ಇನ್ನೊಂದು ವರ್ಷ ತಡೆಯುವುದೇ ಜಾಣತನ.

ಯಾಕೆಂದರೆ ಆರು ತಿಂಗಳು ತುಂಬಿದ ಕೂಸನ್ನು ಹತ್ತಿಸಿಕೊಳ್ಳುತ್ತಾರೆ, ಆದರೆ ಹಡಗಿನ ಬಹುಪಾಲು ಸವಲತ್ತು ಅದಕ್ಕೆ ಸಿಗುವುದಿಲ್ಲ. ಈಜುಕೊಳಕ್ಕೂ ಬಿಸಿನೀರ ತೊಟ್ಟಿಗೂ ಡೈಪರ್ ಹಾಕಿದ ಮಗುವನ್ನು ಇಳಿಸುವಂತಿಲ್ಲ; ಈಜು ಡೈಪರ್ ಹಾಕಿದರೂ ಅಷ್ಟೇ. ಒಂದು ಮಗು ನೀರಿನಲ್ಲಿ ಕಕ್ಕ ಮಾಡಿದರೆ ಕೊಳವನ್ನೇ ಮುಚ್ಚಿ ಶುದ್ಧಿ ಮಾಡಬೇಕಾಗುತ್ತದೆ, ಹಾಗಾಗಿ ಈ ನಿಯಮದಲ್ಲಿ ಸಡಿಲಿಕೆ ಇಲ್ಲ. ಅಂಥ ಮಕ್ಕಳಿಗೆಂದು ಗುರುತು ಮಾಡಿದ ಚಿಕ್ಕ ನೀರಾಟದ ಜಾಗವೊಂದೇ ಗತಿ.

ಅಪ್ಪ ಅಮ್ಮನಿಗೆ ಉಸಿರಾಡಲು ಬಿಡುವುದು ‘ಅಡ್ವೆಂಚರ್ ಓಷನ್’ ಎಂಬ ಮಕ್ಕಳ ಕ್ಲಬ್. ಮೂರು ತುಂಬಿದವರಿಗೆ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಗುಂಪು, ಶುಲ್ಕವಿಲ್ಲ. ಶೌಚದ ಅಭ್ಯಾಸ ಆಗಿರಲೇಬೇಕು, ಅಲ್ಲಿನವರು ಡೈಪರ್ ಬದಲಿಸುವುದಿಲ್ಲ. ಊಟದ ಹೊತ್ತಿಗೆ ಕ್ಲಬ್ ಮುಚ್ಚುತ್ತದೆ, ರಾತ್ರಿ ಹತ್ತರ ಮೇಲೆ ಗಂಟೆಗಿಷ್ಟು ಎಂದು ಹಣ ಹಿಡಿಯುತ್ತಾರೆ. ಮೊದಲ ದಿನವೇ ಹೋಗಿ ನೋಂದಾಯಿಸಿ. ಮೂರು ವರ್ಷದೊಳಗಿನವರಿಗೆ ನರ್ಸರಿ ಇದೆ, ಆದರೆ ಅದು ಗಂಟೆಯ ಲೆಕ್ಕದ ದುಡ್ಡಿನದು, ಜಾಗವೂ ಕಡಿಮೆ. ದೊಡ್ಡ ಮಕ್ಕಳು ಕುಣಿದಾಡುವ ಫ್ಲೋರೈಡರ್ ಅಲೆಯಾಟಕ್ಕೆ ಮಲಗಿ ಆಡಲು 52 ಇಂಚು, ನಿಂತು ಆಡಲು 58 ಇಂಚು ಎತ್ತರ ಬೇಕು. ಹೊರಡುವ ಮೊದಲು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆಯಿರಿ, ಅಲ್ಲಿ ಸಾಲಿನಲ್ಲಿ ನಿಂತು ವಾಪಸಾಗುವಾಗಿನ ಅಳು ತಪ್ಪುತ್ತದೆ.

ಒಳಗಿನ ಕೋಣೆ ಸುಮಾರು 166 ಚದರ ಅಡಿ. ಮಗುವಿನ ತೊಟ್ಟಿಲು ಉಚಿತ, ಆದರೆ ಬುಕ್ ಮಾಡುವಾಗಲೇ ಹೇಳಿರಬೇಕು. ಅದನ್ನು ಹಾಕಿದರೆ ನಡೆಯುವ ಜಾಗ ಮುಗಿಯಿತು. ಸಾಮಾನ್ಯ ಕೋಣೆಗಳಲ್ಲಿ ಬಾತ್‌ಟಬ್ ಇಲ್ಲ, ಶವರ್ ಮಾತ್ರ. ಶವರ್ ಕಂಡರೆ ಕಿರುಚುವ ಮಗುವಾದರೆ ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ, ದೊಡ್ಡ ಉಪಕಾರ.

ನಮ್ಮವರು ಎಡವುವುದು ಅಡುಗೆ ಸಾಮಾನಿನಲ್ಲಿ. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲವನ್ನೂ ಬೆಂಕಿಯ ಭಯದಿಂದ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅಂದರೆ ರಾಗಿ ಸರಿ ಬೇಯಿಸಲು ದಾರಿಯಿಲ್ಲ. ಬಿಸಿನೀರಿಗೆ ಕಲಸಿದರೆ ಸಾಕಾಗುವ ಆಹಾರವನ್ನೇ ಒಯ್ಯಿರಿ. ಮನೆಯ ಪುಡಿಗಿಂತ ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್‌ಗೆ ತಕರಾರು ಕಡಿಮೆ. ಜೊತೆಗೆ ಅರ್ಧ ಲೀಟರಿನ ಫ್ಲಾಸ್ಕ್ ಇರಲಿ, ವಿಂಡ್‌ಜಾಮರ್ ಬಫೆಯಲ್ಲಿ ಬಿಸಿನೀರು ತುಂಬಿಕೊಳ್ಳಬಹುದು. ಅದೇ ಬಫೆಯಲ್ಲಿ ಅನ್ನ, ಬೇಳೆ, ಮೊಸರು ಸಿಗುವುದರಿಂದ ಎರಡು ದಾಟಿದ ಮಕ್ಕಳ ಹೊಟ್ಟೆಗೆ ಚಿಂತೆಯಿಲ್ಲ. ಜೈನ ಊಟ ಬೇಕಿದ್ದರೆ ಮುಂಚಿತವಾಗಿ ತಿಳಿಸಬೇಕು.

ಮಾರ್ಗ ಆರಿಸುವಾಗ ಮಲೇಷ್ಯಾದ ಪೆನಾಂಗ್ ಇರುವುದನ್ನೇ ಹಿಡಿಯಿರಿ. ಅಲ್ಲಿ ಹಡಗು ಜಾರ್ಜ್‌ಟೌನ್‌ನ ಸ್ವೆಟ್ಟನ್‌ಹ್ಯಾಮ್ ಪಿಯರ್‌ಗೆ ನೇರ ತಾಗುತ್ತದೆ. ಸ್ಟ್ರಾಲರ್ ತಳ್ಳಿಕೊಂಡೇ ಲಿಟಲ್ ಇಂಡಿಯಾ, 1833ರ ಮಹಾಮಾರಿಯಮ್ಮನ ಗುಡಿ ನೋಡಿ, ಇಡ್ಲಿ ತಿಂದು ಬರಬಹುದು. ಥಾಯ್ಲೆಂಡಿನ ಫುಕೆಟ್‌ನ ಪಟಾಂಗ್‌ನಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಸ್ಟ್ರಾಲರ್ ಮಡಚಿ, ಮಗುವನ್ನೆತ್ತಿ, ಚಿಕ್ಕ ದೋಣಿಗೆ ಸರದಿ ಕಾಯಬೇಕು. ಪೋರ್ಟ್ ಕ್ಲಾಂಗ್ ಬಂದರಿನಿಂದ ಕೌಲಾಲಂಪುರಕ್ಕೆ ಹೋಗುವುದಕ್ಕೇ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, ಚಿಕ್ಕ ಮಕ್ಕಳಿದ್ದರೆ ಬೇಡ. ಈ ಊರುಗಳಿಗೆ ಹೋಗುವ ದಾರಿಯಾದ ಮಲಾಕಾ ಜಲಸಂಧಿಗೆ ಎರಡೂ ಕಡೆ ನೆಲದ ಆಸರೆ ಇರುವುದರಿಂದ ಕುಲುಕಾಟ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರದ ಕಡೆ ಹೋಗುವ ಮಾರ್ಗಗಳಲ್ಲಿ ಹೀಗಲ್ಲ. ಎಲ್ಲಿಗಾದರೂ ಸರಿ, ಕೆಳ ಅಂತಸ್ತಿನ ನಡುಭಾಗದ ಕೋಣೆ ವಾಂತಿಗೆ ಒಳ್ಳೆಯ ಮದ್ದು.

ಮಗು ತೊಟ್ಟಿಲಲ್ಲಿ ಮಲಗಿದರೂ ಲೆಕ್ಕಕ್ಕೆ ಒಂದು ತಲೆಯೇ: ‘ಮಕ್ಕಳಿಗೆ ಉಚಿತ’ ಎಂಬ ಕೊಡುಗೆಯಲ್ಲೂ ತೆರಿಗೆ, ಬಂದರು ಶುಲ್ಕ, ದಿನದ ಟಿಪ್ಸ್ ಕಟ್ಟಬೇಕು. ಬುಕ್ ಮಾಡುವ ಮುನ್ನ ಏಜೆಂಟರಿಂದ ಇವನ್ನೆಲ್ಲ ಸೇರಿಸಿದ ಮೊತ್ತ ಬರೆಸಿಕೊಳ್ಳಿ.

ಹೊರಡುವ ದಿನ ಟ್ಯಾಕ್ಸಿಗೆ ‘ಮರೀನಾ ಬೇ ಕ್ರೂಸ್ ಸೆಂಟರ್’ ಎಂದೇ ಹೇಳಿ. ಬರೀ ‘ಸಿಂಗಾಪುರ್ ಕ್ರೂಸ್ ಸೆಂಟರ್’ ಎಂದರೆ ಹಾರ್ಬರ್‌ಫ್ರಂಟ್‌ನ ಬೇರೆ ನಿಲ್ದಾಣಕ್ಕೆ ಒಯ್ಯುತ್ತಾರೆ. ಒಪ್ಪಿಸಿದ ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯಾಗಬಹುದು, ಆದ್ದರಿಂದ ಡೈಪರ್, ಔಷಧಿ, ಈಜುಡುಗೆ ಕೈಚೀಲದಲ್ಲಿರಲಿ. ಸಿಂಗಾಪುರದ ವೀಸಾ ಮತ್ತೆ ಒಳಬರಲು ಅನುಮತಿಸುವಂಥದ್ದೇ ಎಂದು ನೋಡಿಕೊಳ್ಳಿ. ವಾಪಸಾಗುವಾಗ, ಸಿಂಗಾಪುರಕ್ಕೆ ಒಳಬರುವವರು ಆನ್‌ಲೈನ್‌ನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡನ್ನು ಮಗುವಿಗೂ ಸೇರಿಸಿ ಹೊಸದಾಗಿ ತುಂಬಬೇಕು. ಬಂದಿಳಿಯುವ ದಿನವೂ ಸೇರಿ ಮೂರೇ ದಿನದ ಅವಕಾಶ ಇರುವುದರಿಂದ ಹಡಗು ಹತ್ತುವ ಮೊದಲೇ ಮುಗಿಸಲಾಗದು. ಹಡಗಿನ ವೈಫೈಗೆ ದುಡ್ಡು ಕೊಡಬೇಕು. ಆ ಮೂರು ದಿನದೊಳಗೆ ಯಾವುದಾದರೂ ಬಂದರಿನಲ್ಲಿ ಇಳಿದಾಗ ಮೊಬೈಲ್ ನೆಟ್ ಸಿಕ್ಕ ಕೂಡಲೇ ತುಂಬಿಬಿಡಿ.